ಚೀಟಿಯಲ್ಲಿ ಬಿಟ್ಟುಹೋದ ಸಾಲು

ಮೊನ್ನೆ ಮೊಳಕಾಲ್ಮುರಿನಿಂದ ಚಳ್ಳಕೆರೆಗೆ ಬರುವಾಗ ಬಸ್ಸಿನಲ್ಲಿ ಪಕ್ಕದವರು ಹುರಿದ ಶೇಂಗಾ ಪೊಟ್ಟಣ ಬಿಚ್ಚಿದರು. ಆ ವಾಸನೆ ಬಂದದ್ದೇ ನನ್ನ ಕಣ್ಣು ಬಸ್ಸಿನಲ್ಲಿದ್ದ ಮಕ್ಕಳ ತುಟಿಗಳನ್ನು ಹುಡುಕಿತು. ಯಾರದೂ ಊದಿರಲಿಲ್ಲ. ಆದರೂ ತಳಕು ಊರು ದಾಟುವವರೆಗೆ ನೋಡುತ್ತಲೇ ಇದ್ದೆ...

ಚಳ್ಳಕೆರೆಯಲ್ಲಿ ನಾವು ಬಾಡಿಗೆಗಿದ್ದಾಗ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಆರಿಸುವ ಕೆಲಸ. ಅವರ ಐದು ವರ್ಷದ ಮೊಮ್ಮಗಳಿಗೆ ಆ ಶೇಂಗಾವೇ ಆಗದು. ಒಂದು ಬೀಜ ತಿಂದರೂ ಮೈಯೆಲ್ಲ ದದ್ದು, ಉಸಿರಾಟಕ್ಕೆ ಕಷ್ಟ. ಅಜ್ಜಿ ಮಿಲ್ಲಿನಿಂದ ಬಂದವರೇ ಸೀರೆ ಬದಲಿಸಿ, ಮೊಳಕೈವರೆಗೆ ಸೋಪು ಹಚ್ಚಿ ತೊಳೆದ ಮೇಲೆಯೇ ಮಗುವನ್ನು ಮುಟ್ಟುತ್ತಿದ್ದರು.

ಆಮೇಲೆ ದೂರದ ಆಸ್ಪತ್ರೆಯೊಂದರಲ್ಲಿ ಹೊಸ ಚಿಕಿತ್ಸೆ ಶುರುವಾಯಿತು. ವೈದ್ಯರು ಅಳತೆ ಮಾಡಿ ಕೊಟ್ಟ ಶೇಂಗಾ ಪುಡಿಯನ್ನು ದಿನವೂ ಒಂದಿಷ್ಟು ತಿನ್ನಿಸಬೇಕು.

"ಇಷ್ಟು ದಿನ ವಿಷ ಅಂದ್ರು, ಈಗ ಅದ್ನೇ ದಿನಾ ತಿನ್ಸು ಅಂತಾರೆ. ಇದ್ಯಾವ ಸೀಮೆ ಔಷಧೀನವ್ವಾ?" ಎಂದರು ಅಜ್ಜಿ.

ನಾನು ಬಿ.ಎಸ್ಸಿ. ಓದಿದವಳು. ಮೈಯೊಳಗಿನ ಕಾವಲಿನವರು ಶೇಂಗಾ ಕಂಡರೆ ಕಳ್ಳ ಬಂದನೆಂದು ಕೂಗಾಡುತ್ತಾರೆ, ದಿನಾ ಚೂರು ಕೊಟ್ಟರೆ ಪರಿಚಯವಾಗಿ ಸುಮ್ಮನಾಗುತ್ತಾರೆ ಎಂದು ವಿವರಿಸಿದೆ.

"ಸೊಸೆ ಹೊಸದಾಗಿ ಬಂದಾಗ ನಾನೂ ಹಂಗೇ ಕೂಗಾಡ್ತಿದ್ದೆ ಬಿಡು," ಎಂದರು.

"ಈಗೇನು ಕಮ್ಮಿ ಆಗೈತಾ ಅತ್ತೆ?" ಎಂದಳು ಸೊಸೆ, ಮಗುವಿನ ತಾಯಿ, ಒಳಗಿನಿಂದ.

ವಿಷಯ ಅಷ್ಟು ಸರಳವಾಗಿರಲಿಲ್ಲ. ಅಲರ್ಜಿ ಎಬ್ಬಿಸುವ ಪ್ರತಿಕಾಯಗಳು ಇಳಿಯಲು ತುಂಬ ಕಾಲ ಬೇಕು. ಅವುಗಳಿಗೆ ಅಡ್ಡ ನಿಲ್ಲುವ ಬೇರೆ ಪ್ರತಿಕಾಯಗಳು ನಿಧಾನವಾಗಿ ಹೆಚ್ಚುತ್ತವೆ. ಈ ನಡುವೆ ಜ್ವರ ಬಂದರೆ, ಓಡಿದರೆ, ಮೈ ಬಿಸಿಯಾದರೆ, ನಿನ್ನೆ ಒಗ್ಗಿದ ಪುಡಿಯೇ ಇವತ್ತು ತಿರುಗಿಬೀಳಬಹುದು.

ಆಸ್ಪತ್ರೆಯವರು ಕೊಟ್ಟ ಸೂಚನೆ ಇಂಗ್ಲಿಷಿನಲ್ಲಿತ್ತು. ಅಜ್ಜಿ ಅಕ್ಷರಕ್ಕೆ ಅಕ್ಷರ ಕೂಡಿಸಿ ಕನ್ನಡ ಓದುತ್ತಿದ್ದರು. ಅವರಿಗಾಗಿ ನಾನೇ ದಪ್ಪಕ್ಷರದಲ್ಲಿ ಕನ್ನಡದ ಚೀಟಿ ಬರೆದು ಗೋಡೆಗೆ ಅಂಟಿಸಿದೆ. ಜ್ವರವಿದ್ದರೆ ಕೊಡಬೇಡಿ. ಕೊಟ್ಟ ಮೇಲೆ ಎರಡು ಗಂಟೆ ಓಡಲು ಬಿಡಬೇಡಿ. ಬಿಸಿನೀರಿನ ಸ್ನಾನವೂ ಬೇಡ ಎಂಬುದನ್ನು ಮಾತ್ರ ಬರೆಯಲಿಲ್ಲ. ನಮ್ಮ ಓಣಿಯಲ್ಲಿ ಸ್ನಾನವಾಗದೆ ಮಕ್ಕಳ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ತಿಂದ ಮೇಲೆ ಯಾರು ಸ್ನಾನ ಮಾಡಿಸುತ್ತಾರೆ ಎಂದುಕೊಂಡೆ.

ಒಂದು ಬೆಳಿಗ್ಗೆ ನಲ್ಲಿ ನೀರು ತಡವಾಯಿತು. ಪುಡಿಯ ಹೊತ್ತು ತಪ್ಪಬಾರದೆಂದು ಅಜ್ಜಿ ಮೊದಲು ಪುಡಿ ತಿನ್ನಿಸಿದರು. ಅಷ್ಟರಲ್ಲಿ ನೀರು ಬಂತು. ಹಂಡೆ ಕಾಯಿಸಿ ಮಗುವಿನ ತಲೆಗೆ ಹೊಯ್ದರು.

ನನಗೆ ಕೇಳಿಸಿದ್ದು ಕೆಮ್ಮು. ಓಡಿಹೋದರೆ ಬಚ್ಚಲ ಬಾಗಿಲಲ್ಲಿ ಮಗು, ತುಟಿ ಊದಿ, ದನಿ ಹೊರಡದೆ... "ಸೂಜಿ ತಗಂಬಾ ತಾಯಿ, ಸೂಜಿ," ಎನ್ನುತ್ತ ಅಜ್ಜಿ ಮಗುವಿನ ಒದ್ದೆ ತೊಡೆಯನ್ನು ಒತ್ತಿ ಹಿಡಿದಿದ್ದರು. ವೈದ್ಯರು ಕೊಟ್ಟಿದ್ದ ತುರ್ತಿನ ಇಂಜೆಕ್ಷನ್ ಅನ್ನು ಸೊಸೆ ಚುಚ್ಚಿದಳು. ಓದಿದವಳು ನಾನು, ಸುಮ್ಮನೆ ನಿಂತಿದ್ದೆ. ಆಟೋದಲ್ಲಿ ಆಸ್ಪತ್ರೆ ಮುಟ್ಟಿದೆವು. ಮಗು ಉಳಿಯಿತು. ಪುಡಿಯ ಅಳತೆ ಇಳಿಸಿ ಚಿಕಿತ್ಸೆ ಮುಂದುವರಿಸಿದರು.

ನೀರು ಅರ್ಧ ಗಂಟೆ ಮೊದಲೇ ಬಂದಿದ್ದರೆ... ನಾನು ಆ ಸಾಲು ಬರೆದಿದ್ದರೆ... ಈಗಲೂ ಆ ಬೆಳಗನ್ನು ಹಿಂದೆ ತಿರುಗಿಸಿ ನೋಡುತ್ತಿರುತ್ತೇನೆ.

ಮಾರನೆಯ ದಿನ, ಯಾರೂ ಇಲ್ಲದಾಗ, ಚೀಟಿಯ ಕೊನೆಗೆ ಆ ಸಾಲು ಸೇರಿಸಿದೆ. ಸಂಜೆ ಅದು ಸೊಸೆಯ ಕಣ್ಣಿಗೆ ಬಿತ್ತು.

"ಬರ್ದೈತಲ್ಲತ್ತೆ ಇಲ್ಲಿ. ಕಣ್ಣು ಕಾಣ್ಲಿಲ್ವಾ ನಿಮ್ಗೆ?"

ದಿನವೂ ಓದುತ್ತಿದ್ದ ಚೀಟಿ ಅದು. ಅಜ್ಜಿ ಬೆರಳಿಟ್ಟು ಓದುತ್ತ ಕೊನೆಯ ಸಾಲಿಗೆ ಬಂದು ನಿಂತರು. ನನ್ನ ಕಡೆ ಒಮ್ಮೆ ನೋಡಿದರು.

"ಹೂಂ, ಐತೆ. ನಾನೇ ನೋಡ್ಲಿಲ್ಲ."

ಅಂದಿನಿಂದ ಪುಡಿಯ ಡಬ್ಬಿ ಸೊಸೆಯ ಕೈ ಸೇರಿತು. ಆ ಹೊತ್ತಿನಲ್ಲಿ ಅಜ್ಜಿ ಹೊರಗೆ ಜಗಲಿಯ ಮೇಲೆ ಕೂತಿರುತ್ತಿದ್ದರು. ನಾನು ಎದುರಿಗೇ ಓಡಾಡುತ್ತಿದ್ದೆ, ಬಾಯಿ ಬಿಡಲಿಲ್ಲ. ಕೆಲಸ ಸಿಕ್ಕಿ ಮೊಳಕಾಲ್ಮುರಿಗೆ ಹೋದೆ. ಹೋದ ವರ್ಷ ಅಜ್ಜಿ ತೀರಿಕೊಂಡರು.

ಮೊನ್ನೆ ನಾನು ಹೊರಟಿದ್ದು ಅವರ ಮನೆಗೇ. ಹುಡುಗಿಗೆ ಈಗ ದಿನಕ್ಕೆ ಎರಡು ಬೀಜ ಒಗ್ಗುತ್ತವೆ. ಬಿಟ್ಟರೆ ಒಗ್ಗಿದ್ದು ಕಳೆದುಹೋಗಬಹುದು, ಹಾಗಾಗಿ ಬಿಡುವಂತಿಲ್ಲ. ಅವಳು ತಿನ್ನುವುದನ್ನು ನೋಡುತ್ತ ತಾಯಿ ಶುರು ಮಾಡಿದಳು, "ನಿಮ್ಮಜ್ಜಿ ಅವತ್ತು ಚೀಟಿ ಒಂದ್ಸಲ ನೋಡಿದ್ರೆ..."

"ಆ ಸಾಲು ಅವತ್ತು ಇರ್ಲಿಲ್ಲ," ಎಂದೆ. "ಮಾರನೇ ದಿನ ನಾನು ಬರೆದಿದ್ದು."

ಈ ಮಾತು ಕೇಳಬೇಕಾಗಿದ್ದವರು ಇರಲಿಲ್ಲ. ಹುಡುಗಿ ಅಗಿಯುವುದನ್ನು ನಿಲ್ಲಿಸಿದಳು.

"ಅಜ್ಜಿಗೆ ಗೊತ್ತಿತ್ತಾ?"

ಗೊತ್ತಿತ್ತು, ಎಂದೆ.