ಮಾತು ನಿಲ್ಲುವ ತನಕ

ಹತ್ತಿ ಹಿಂಜುವ ಮಕ್ತುಮಸಾಬ ತೊಂಬತ್ತನೇ ಇಸವಿಯ ಸುಮಾರಿಗೆ ಇಂಡಿ ಊರಿನ ಕಡೆಯಿಂದ ಹೆಂಡತಿ ಮಹಮುದಾಳೊಂದಿಗೆ ಗಡಿ ದಾಟಿ ಮಹಾರಾಷ್ಟ್ರದ ಜತ್ತಕ್ಕೆ ಬಂದು, ನನ್ನ ಕಿರಾಣಿ ಅಂಗಡಿಯ ಎದುರಿನ ಖೋಲಿ ಹಿಡಿದ. ನಮ್ಮ ಓಣಿಯ ಗಾದಿಗಳೆಲ್ಲ ಅವನ ಹತ್ತಿ ಹಿಂಜುವ ಬಿಲ್ಲಿನಿಂದಲೇ ಉಬ್ಬಿದವು. ಮಹಾ ಮಾತುಗಾರ. ಧೂಳಿಗೆಂದು ಬಾಯಿಗೆ ಕಟ್ಟಿದ ವಸ್ತ್ರವನ್ನು ಮಾತಿಗೆ ಅಡ್ಡಿಯೆಂದು ಕೆಳಗೆ ಜಗ್ಗುತ್ತಿದ್ದ. ಧೂಳು ಎದೆಗಿಳಿದು ದಮ್ಮು ಹಿಡಿಯಿತು.

ಬಡವರಿಗೆಂದೇ ಕಟ್ಟಿಸಿದ ಒಂದು ಧರ್ಮದ ದವಾಖಾನೆ ಊರಲ್ಲಿತ್ತು. ಆದರೆ ಆ ಧರ್ಮಕ್ಕೆ ಮಹಾರಾಷ್ಟ್ರದ ಬಡವರಿಗೆ ಕೊಡುವ ಹಳದಿ ರೇಶನ್ ಕಾರ್ಡು ಬೇಕು. ಇವರ ಹೆಸರು ಇಂಡಿಯಲ್ಲೇ ಉಳಿದ ಅಣ್ಣನ ಕಾರ್ಡಿನಲ್ಲಿ.

"ಇಲ್ಲೀ ಕಾರ್ಡ ತಗೊಂಡ ಬರ್ರಿ," ಎಂದು ದವಾಖಾನೆಯ ಕಾರಕೂನ ಬಾಳಾಸಾಹೇಬ ಪ್ರತಿ ಸಲ ತಿರುಗಿಸಿ ಕಳಿಸುತ್ತಿದ್ದ. ಅವನು ಮಲಗುತ್ತಿದ್ದ ಗಾದಿಯೂ ಮಕ್ತುಮಸಾಬ ಹಿಂಜಿದ್ದೇ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಒಮ್ಮೆ ದಮ್ಮು ಏರಿ ಮಾತೇ ಹೊರಡದಾದಾಗ ಎಮರ್ಜೆನ್ಸಿ ಬಾಗಿಲು ತೆರೆಯಿತು. ಕಾರ್ಡು ಯಾರೂ ಕೇಳಲಿಲ್ಲ. ಮುಂದಿನ ಸಲ ತುಸು ಬೇಗ ಹೋದರು.

"ಮಾತಾಡಾಕ ಬರತೈತಲ್ಲ, ಇದೆಂಥಾ ಎಮರ್ಜೆನ್ಸಿ?" ಎಂದು ಬಾಳಾಸಾಹೇಬ ಹೊರಗಟ್ಟಿದ.

ಮಹಮುದಾ ಪಾಠ ಕಲಿತಳು. ದಮ್ಮು ಬಂದಾಗಲೆಲ್ಲ ಗಂಡನ ಎದುರು ಕುಳಿತು ಅದೂ ಇದೂ ಮಾತಾಡಿಸುತ್ತಿದ್ದಳು. ಮಾತು ನಿಂತ ಮೇಲೇ ರಿಕ್ಷಾ ಕರೆಸುತ್ತಿದ್ದಳು. ಪ್ರತಿ ಸಲವೂ ಅವನು ಬದುಕಿ ಬಂದ. ಓಣಿಯವರೆಲ್ಲ ಅವಳನ್ನು ಜಾಣೆ ಎಂದರು. ಎಂಥ ಜಾಣತನವೋ, ಮಣ್ಣು.

ಎರಡು ಸಾವಿರದ ಆರರಲ್ಲಿ ಮಗಳು ಫರೀನಳ ಮದುವೆ ಗೊತ್ತಾಯಿತು. ಅವಳ ಗಾದಿಗೆ ಹತ್ತಿ ಹಿಂಜುತ್ತಿದ್ದವನು ಒಂದು ಮುಂಜಾನೆ ಬಿಲ್ಲು ಕೆಳಗಿಟ್ಟ.

"ದಮ್ಮಲ್ಲ ಇದು. ಎದಿ ಹಿಂಡಾಕತ್ತೈತಿ. ಎಡಗೈ ಜೋಮ ಹಿಡದೈತಿ."

"ಮಾತು ಚಲೋ ಬರಾಕತ್ತಾವಲ್ರಿ. ಈಗ ಹೋದ್ರ ಹೊರಗ ಹಾಕತಾರ. ಸ್ವಲ್ಪ ತಡೀರಿ," ಎಂದಳು ಮಹಮುದಾ.

ಅವನು ತಡೆದ. ಬೆವರು ಒರೆಸಿಕೊಳ್ಳುತ್ತ, ಹಳೆಯ ಹತ್ತಿ ಬೆರೆಸಬೇಡ, ಮೂಲೆಗೆ ಗಟ್ಟಿ ತುಂಬು, ಬೀಗರ ಮುಂದೆ ಮರ್ಯಾದೆ ಹೋದೀತು ಎಂದು ಹೇಳುತ್ತಲೇ ಇದ್ದ. ಹೇಳುತ್ತ ಹೇಳುತ್ತ ಹತ್ತಿಯ ರಾಶಿಯ ಮೇಲೆ ಒರಗಿದ.

ನಾವು ನಾಲ್ಕು ಜನ ಎತ್ತಿಕೊಂಡು ಓಡಿದೆವು. ಎಮರ್ಜೆನ್ಸಿ ಬಾಗಿಲು ತಟ್ಟನೆ ತೆರೆಯಿತು. ಡಾಕ್ಟರು ನಾಡಿ ಹಿಡಿದು, ರೆಪ್ಪೆ ಎತ್ತಿ ನೋಡಿ, ಸ್ಟ್ರೆಚರು ತಂದವನಿಗೆ ಬೇಡವೆಂದು ಕೈ ಮಾಡಿದರು.

ಮಹಮುದಾ ಕೈ ಮುಗಿದಳು.

"ಮಾತು ಪೂರ್ತಿ ನಿಂತಾವ್ರಿ ಸಾಹೇಬ್ರ," ಎಂದಳು. "ಬೇಕಾದ್ರ ನೀವ ಮಾತಾಡಿಸಿ ನೋಡ್ರಿ. ಈಗರ ಒಳಗ ತಗೋರಿ."