ಹುಳದ ಮನೆಗೊಂದು ಕಿವಿ

ಹದಿನಾರು ಗ್ರಾಮದ ಚನ್ನಾಜಮ್ಮನ ರೇಷ್ಮೆ ಹುಳದ ಮನೆಗೆ ನುಗ್ಗುವುದಕ್ಕಿಂತ ವಿಧಾನಸೌಧಕ್ಕೆ ನುಗ್ಗುವುದು ಸುಲಭ ಎಂದು ಊರವರು ಆಡಿಕೊಳ್ಳುತ್ತಿದ್ದರು. ಹೊಸ್ತಿಲಿಗೆ ಸುಣ್ಣ, ಬ್ಲೀಚಿಂಗ್ ಪೌಡರು. ಕೈಕಾಲು ತೊಳೆಯದಿದ್ದರೆ ಕಟ್ಟಿಕೊಂಡ ಗಂಡನಿಗೂ ಪ್ರವೇಶವಿಲ್ಲ. ಹುಳದ ಬೆಳೆ ಇರುವಷ್ಟು ದಿನ ಮನೆಯಲ್ಲಿ ಊದುಬತ್ತಿ ಇಲ್ಲ, ಘಾಟಿನ ಒಗ್ಗರಣೆ ಇಲ್ಲ. ಹೊರಗಿನವರಂತೂ ಕಿಟಕಿಯಲ್ಲಿ ಇಣುಕುವಂತೆಯೂ ಇರಲಿಲ್ಲ. ಪಕ್ಕದ ಮನೆಯ ರಾಮಮ್ಮ ಒಮ್ಮೆ ಮೊರ ಕೇಳಲು ಬಂದವಳು ಮಾತಾಡುತ್ತಾ ಹೊಸ್ತಿಲ ಮೇಲೆ ಕಾಲಿಟ್ಟು, ಹಾಗೇ ಹಿಂದಕ್ಕೆ ತಳ್ಳಿಸಿಕೊಂಡಿದ್ದಳು. "ನಿನ್ನುಳದ ಮನೆ ಏನು ಗರ್ಭಗುಡಿನಾ ಅಕ್ಕ?" ಎಂದು ಮುಖ ಊದಿಸಿಕೊಂಡು ಹೋದವಳು ಆ ಮಾತನ್ನು ಮರೆತಿರಲಿಲ್ಲ.

ಇಷ್ಟು ಬಿಗಿ ಮಾಡುತ್ತಿದ್ದವಳ ಬೆಳೆ ಕೆಟ್ಟದ್ದು ಅಪರೂಪ. ಆದರೆ ಅವಳ ಕಸುಬಿನ ಗುಟ್ಟು ಸುಣ್ಣದಲ್ಲಿರಲಿಲ್ಲ, ಕಿವಿಯಲ್ಲಿತ್ತು. ಸಾವಿರಾರು ಹುಳ ಒಟ್ಟಿಗೆ ಹಿಪ್ಪುನೇರಳೆ ಸೊಪ್ಪು ಮೇಯುವಾಗ ಹುರುಳಿ ಜರಡಿ ಹಿಡಿದಂಥ ಸದ್ದು ಬರುತ್ತದೆ. ಚನ್ನಾಜಮ್ಮ ಹುಳದ ಸ್ಟ್ಯಾಂಡುಗಳ ಸಾಲಿನ ನಡುವೆ ಕಣ್ಣು ಮುಚ್ಚಿ ನಿಂತು ಅದನ್ನು ಕೇಳುತ್ತಿದ್ದಳು. ಯಾವ ಅಂತಸ್ತಿನಲ್ಲಿ ಸೊಪ್ಪು ಮುಗಿದಿದೆ, ಎಲ್ಲಿ ಹುಳ ಮಂಕಾಗಿವೆ ಎಂಬುದು ಅವಳಿಗೆ ಹಾಗೇ ತಿಳಿಯುತ್ತಿತ್ತು. ಗಂಡ ಗುರುಮಲ್ಲಪ್ಪನಿಗೆ ಈ ವಿದ್ಯೆ ಹತ್ತಲಿಲ್ಲ. ಅವನಿಗೆ ಎಲ್ಲ ಸದ್ದೂ ಒಂದೇ.

ಇಂಥವಳಿಗೆ ಉಬ್ಬಸ ಹಿಡಿಯಿತು. ಬೇರೆಲ್ಲೂ ಬಾರದು, ಹುಳದ ಮನೆಯೊಳಗೆ ಸ್ವಲ್ಪ ಹೊತ್ತು ಇದ್ದರೆ ಸಾಕು, ಎದೆ ಕಟ್ಟಿ ಉಸಿರು ಸಿಕ್ಕುತ್ತಿರಲಿಲ್ಲ. ನಂಜನಗೂಡಿನ ಡಾಕ್ಟರು ನೋಡಿ, "ಹುಳದ ಗಾಳಿ ನಿಮ್ಮ ಎದೆಗೆ ಆಗಲ್ಲಮ್ಮ. ಒಳಗೆ ಹೋಗೋದನ್ನ ಪೂರ್ತಿ ಬಿಡಬೇಕು" ಎಂದರು. ಮನೆಗೆ ಬಂದ ಗುರುಮಲ್ಲಪ್ಪ ಚಪ್ಪಲಿಯನ್ನೂ ಬಿಡದೆ, "ಸ್ಟ್ಯಾಂಡ್ ಕಿತ್ತಾಕ್ಬುಡ್ತೀನಿ. ಅಲ್ಲಿ ಅಸ ಕಟ್ಟನ, ಆಲಾದ್ರೂ ಆಯ್ತದೆ" ಎಂದ. ಅವನದು ಕೋಪವಲ್ಲ. ಅವಳು ಏದುಸಿರು ಬಿಡುವಾಗ ಬೆನ್ನು ನೀವುತ್ತಾ ಕೂತವನು ಅವನೇ, ಹೆದರಿದ್ದ. ಆದರೆ ಚನ್ನಾಜಮ್ಮನಿಗೆ ಉಬ್ಬಸಕ್ಕಿಂತ ಆ ಮಾತೇ ಎದೆ ಹಿಂಡಿತು. ಮದುವೆಯಾಗಿ ಬಂದ ಮೇಲೆ ಇದು ನನ್ನದು ಎಂದು ಅವಳು ಹೇಳಿಕೊಂಡದ್ದು ಆ ಒಂದು ಮನೆಯನ್ನೇ.

"ಒಂದ್ ಬೆಳೆ ನನ್ಗೆ ಬುಟ್ಬುಡಿ" ಎಂದಳು. "ನಾನು ಒಸ್ಲು ದಾಟಲ್ಲ. ಈಚೆ ಇದ್ಕಂಡೇ ಮಾಡುಸ್ತೀನಿ. ಕೆಟ್ಟೋಯ್ತಾ, ಅಸ ಕಟ್ಕಳಿ. ನಾನು ಉಸ್ರೆತ್ತಲ್ಲ."

ಗುರುಮಲ್ಲಪ್ಪ ಅರೆಮನಸ್ಸಿನಿಂದ ಒಪ್ಪಿದ. ಒಳಗೆ ಹೋಗದೆ ಹುಳ ಸಾಕುವುದು ಹೇಗೆಂದು ಅವನಿಗೂ ಗೊತ್ತಿರಲಿಲ್ಲ, ನಿಜ ಹೇಳಬೇಕೆಂದರೆ ಅವಳಿಗೂ ಗೊತ್ತಿರಲಿಲ್ಲ.

ಅದೇ ವಾರ ಮಗಳು ನಯನ ಒಂದು ಹಳೇ ಲ್ಯಾಪ್‌ಟಾಪು ಹೊತ್ತುಕೊಂಡು ಬಂದಳು. ತಿ. ನರಸೀಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ಅವಳ ಕೆಲಸ. ಗುಜರಿಗೆ ಹಾಕಲು ತೆಗೆದಿಟ್ಟಿದ್ದರಲ್ಲಿ ಇದೊಂದನ್ನು ಕೇಳಿ ತಂದಿದ್ದಳು. ಪುಸ್ತಕದಷ್ಟಗಲದ್ದು, ಮುಚ್ಚಳದ ಕೀಲು ಮುರಿದಿತ್ತು, ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ. ಈಗಿನ ವಿಂಡೋಸ್ ಹಾಕಿದರೆ ಅಲ್ಲಾಡುತ್ತಿರಲಿಲ್ಲ. ನಯನ ಅದಕ್ಕೆ ಲಿನಕ್ಸ್ ಹಾಕಿದಳು. ಪುಕ್ಕಟೆ ಸಿಗುತ್ತದೆ, ಹಗುರ, ಮುದಿ ಯಂತ್ರದ ಮೇಲೂ ಭಾರ ಹೇರದು. ಆದರೂ ಅದು ಕಣ್ಣು ಬಿಡುವಷ್ಟರಲ್ಲಿ ಗುರುಮಲ್ಲಪ್ಪ ಕಾಫಿ ಕುಡಿದು ಲೋಟ ತೊಳೆದಿಟ್ಟು ಬಂದಿದ್ದ. "ಉಳವೇ ವಾಸಿ, ಇದ್ಕಿಂತ ಬಿರ್ನೆ ನಡೀತದೆ" ಎಂದು ನಕ್ಕ.

ಚನ್ನಾಜಮ್ಮ ನಗಲಿಲ್ಲ. "ಇದ್ಕೆ ಕಿವಿ ಅದಾ?" ಎಂದು ಕೇಳಿದಳು.

"ಕಿವಿನಾ? ಮೈಕ್ ಆಕ್ಬೋದು ಕಣವ್ವ. ಯಾಕೆ?"

ಹೊರಗಿನಿಂದಲೇ ಹುಳ ನೋಡಿಕೊಳ್ಳುವ ತಾಯಿಯ ಯೋಚನೆ ತಿಳಿದ ಮೇಲೆ ನಯನಳಿಗೂ ಹುರುಪು ಬಂತು. ಆದರೆ ಅವಳು ಶಾಖ, ತೇವ ಅಳೆಯುವ ವೈರು ಒಂದು ಸಾಕು, ಸದ್ದು ಯಾಕೆ ಎಂದಳು. "ನೀನು ಕೂಸಾಗಿದ್ದಾಗ ಮನೇಲಿ ಥರ್ಮಾಮೀಟ್ರು ಇತ್ತು. ಅಂದ್ಬುಟ್ಟು ನೀನು ಅಳೋದ ಕೇಳುಸ್ಕತಿರ್ಲಿಲ್ವಾ ನಾನು?" ಎಂದಳು ಚನ್ನಾಜಮ್ಮ. ನಯನ ಮೈಕು ತಂದಳು.

ಇನ್ನೇನು ಜೋಡಿಸಬೇಕು ಎನ್ನುವಾಗ ಲ್ಯಾಪ್‌ಟಾಪು ಕಾಣಲಿಲ್ಲ. ಹುಡುಕಿದರೆ ಅಂಗಳದಲ್ಲಿ ಚಂದ್ರಿಕೆಗಳ ಪಕ್ಕ, ರಣಬಿಸಿಲಲ್ಲಿ ಒಣಗುತ್ತಿದೆ. ಹುಳ ಗೂಡು ಕಟ್ಟುವ ಚಂದ್ರಿಕೆಯೇ ಬಿಸಿಲು ಕಾಣದೆ ಒಳಗೆ ಹೋಗುವುದಿಲ್ಲ, ಊರವರೆಲ್ಲ ಮುಟ್ಟಿದ ಯಂತ್ರವನ್ನು ಚನ್ನಾಜಮ್ಮ ಹಾಗೇ ಒಳಗೆ ಬಿಡುವುದುಂಟೇ? ನಯನ ಬಾಯಿ ಬಡಿದುಕೊಂಡು ಎತ್ತಿ ತಂದಳು. ಪುಣ್ಯಕ್ಕೆ ಅದು ಬದುಕಿತ್ತು. ಕೊನೆಗೆ ಅದನ್ನು ಹೊಸ್ತಿಲಿನ ಈಚೆ, ಸೊಪ್ಪಿನ ಕೋಣೆಯ ಗೋಡೆಗೂಡಿನಲ್ಲಿ ಇಡುವುದೆಂದು ರಾಜಿಯಾಯಿತು. ಮೈಕು, ಒಂದು ಚಿಕ್ಕ ಕ್ಯಾಮರಾ, ಶಾಖ ಅಳೆಯುವ ವೈರು ಮಾತ್ರ ಒಳಗೆ ಹೋದವು. ಇನ್ನೊಂದು ಉದ್ದ ವೈರು ಅಡುಗೆಮನೆಗೆ ಬಂದು ಸಾಂಬಾರ ಡಬ್ಬಿಗಳ ಪಕ್ಕದ ಸ್ಪೀಕರಿಗೆ ಸೇರಿತು.

ಗಂಟೆಗೊಮ್ಮೆ ಅದು ಮಾತಾಡುವಂತೆಯೂ ನಯನ ಮಾಡಿದ್ದಳು. "ಉಷ್ಣಾಂಶ ಇಪ್ಪತ್ತೈದು. ತೇವಾಂಶ ಎಪ್ಪತ್ತು" ಎಂದು, ನೆಗಡಿಯಾದವರು ಮೂಗು ಹಿಡಿದುಕೊಂಡು ಓದಿದ ಹಾಗೆ ಹೇಳುತ್ತಿತ್ತು. ಚನ್ನಾಜಮ್ಮ ಮುದ್ದೆ ತಿರುವುತ್ತಲೇ, "ಆಯ್ತು ಸುಮ್ನಿರು, ಕೇಳುಸ್ಕೋಬೇಕು" ಎಂದು ಗದರುತ್ತಿದ್ದಳು. ಅವಳಿಗೆ ಬೇಕಾದದ್ದು ಆ ಮಾತು ನಿಂತ ಮೇಲೆ ಬರುವ ಸರಸರ ಸದ್ದು. ಮೊದಲ ಸಲ ಅದು ಅಡುಗೆಮನೆಯಲ್ಲಿ ಕೇಳಿದಾಗ ಅವಳು ಸೌಟು ಕೆಳಗಿಟ್ಟು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಬೆಳೆ ಶುರುವಾಯಿತು. ಕೈ ಗುರುಮಲ್ಲಪ್ಪನದು, ಬಾಯಿ ಚನ್ನಾಜಮ್ಮನದು. ಹುಳ ಪೊರೆ ಬಿಡಲು ಮೇವು ನಿಲ್ಲಿಸಿ ಮಲಗುವುದನ್ನು ಈ ಕಡೆ ಜ್ವರ ಎನ್ನುತ್ತಾರೆ. ಜ್ವರ ಬಂದಾಗ ಗುರುಮಲ್ಲಪ್ಪ ಸೊಪ್ಪಿನ ಕಂತೆಗೆ ಕೈ ಹಾಕಿ, "ಪಾಪ, ಅಸ್ಕಂಡವೆ, ಒಂದಿಡಿ ಆಕ್ಲಾ?" ಎನ್ನುತ್ತಿದ್ದ. ಎಲ್ಲ ಏಳುವ ಮೊದಲು ಸೊಪ್ಪು ಕೊಟ್ಟರೆ ಒಂದು ದೊಡ್ಡದು ಒಂದು ಚಿಕ್ಕದಾಗಿ ಬೆಳೆ ಹಾಳು. ಚನ್ನಾಜಮ್ಮ ಲ್ಯಾಪ್‌ಟಾಪಿನ ಮುಂದೆ ಕೂತು ಕ್ಯಾಮರಾದಲ್ಲಿ ತಲೆಗಳನ್ನು ನೋಡಿ, "ಇನ್ನೂ ಎದ್ದಿಲ್ಲ, ಕೈ ಕಟ್ಕೊಂಡು ಕೂತ್ಕಳಿ" ಎನ್ನುವಳು. ಕರೆಂಟು ಹೋಗಿ ಬಂದಾಗ ಕರೀ ಪರದೆಯ ಮೇಲೆ ಒಂದು ಸಾಲು ಟೈಪು ಮಾಡಿ ಯಂತ್ರವನ್ನು ಎಬ್ಬಿಸುವುದನ್ನೂ ಕಲಿತಳು. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದಳು. ಐವತ್ತು ದಾಟಿದ ಹೆಂಗಸು ಹೀಗೆ ಹಟ ಹಿಡಿದು ಕಲಿಯುವುದನ್ನು ನೋಡುವುದೇ ಒಂದು ಸೊಗಸು.

ನಾಲ್ಕನೇ ಜ್ವರವೂ ಕಳೆಯಿತು. ಹುಳ ಹೊಟ್ಟೆಬಾಕರಂತೆ ಮೇಯುವ ಕಾಲ ಅದು, ಈಗ ಏನಾದರೂ ಆದರೆ ಅಷ್ಟೂ ಹೋದಂತೆ. ಅಂಥ ಒಂದು ದಿನ ಬೆಳಿಗ್ಗೆ ಗುರುಮಲ್ಲಪ್ಪ ಸೊಪ್ಪು ಹಾಕಿ, ಮಧ್ಯಾಹ್ನದ ಮೇವಿಗೆ ಬಂದುಬಿಡುತ್ತೇನೆಂದು ಮೂಗೂರಿನ ನೆಂಟರ ಗೃಹಪ್ರವೇಶಕ್ಕೆ ಹೋದ. ನಯನ ಕಾಲೇಜಿಗೆ ಹೋಗಿದ್ದಳು.

ಚನ್ನಾಜಮ್ಮ ಕಾಳು ಬಿಡಿಸುತ್ತಿದ್ದಳು. ಸ್ಪೀಕರು ಎಂದಿನಂತೆ ಎಲ್ಲ ಸರಿಯಿದೆ ಎಂಬ ಲೆಕ್ಕ ಒಪ್ಪಿಸಿತು. ಆಮೇಲೆ ಬಂದ ಸದ್ದು ಮಾತ್ರ ತೆಳ್ಳಗಿತ್ತು. ಅವಳ ಕೈ ನಿಂತಿತು. ಸೊಪ್ಪು ಬಿದ್ದು ಇನ್ನೂ ಎಷ್ಟೊತ್ತಾಯಿತು? ಅರ್ಧ ಮನೆ ಊಟ ಬಿಟ್ಟಂತಿದೆ. ಎದ್ದು ಹೋಗಿ ಲ್ಯಾಪ್‌ಟಾಪು ನೋಡಿದಳು. ಕಿಟಕಿ ಕಡೆಯ ಸ್ಟ್ಯಾಂಡಿನಲ್ಲಿ ಸೊಪ್ಪು ಹಾಗೇ ಇತ್ತು, ಹುಳಗಳು ತಲೆಯೆತ್ತಿ ತೂಗಾಡುತ್ತಿದ್ದವು. ಸೊಪ್ಪಿನ ಕೋಣೆಯಲ್ಲಿ ಉಳಿದಿದ್ದ ಕಂತೆಗಳನ್ನು ಒಂದೊಂದಾಗಿ ಮೂಸಿದಳು. ಪೂರ್ವದ ಬದುವಿನಿಂದ ಕೊಯ್ದ ಕಂತೆಯಲ್ಲಿ ಔಷಧಿಯ ಕಮಟು. ಆ ಬದುವಿನಾಚೆ ಇರುವುದು ರಾಮಮ್ಮನವರ ಟೊಮೇಟೊ ಹೊಲ.

ಗಂಡನಿಗೆ ಫೋನು ಮಾಡಿದಳು. ಈಗಲೇ ಹೊರಟೆ ಎಂದ, ಆದರೆ ಮೂಗೂರೇನು ಪಕ್ಕದಲ್ಲಿದೆಯೇ? ವಿಷದ ಸೊಪ್ಪು ಈ ಕ್ಷಣ ಆಚೆ ಹೋಗಬೇಕು. ಚನ್ನಾಜಮ್ಮ ಹೊಸ್ತಿಲ ಮೇಲೆ ಕಾಲಿಟ್ಟಳು. ಒಳಗಿನ ಗಾಳಿಗೆ ಆಗಲೇ ಎದೆಯಲ್ಲಿ ಸಿಳ್ಳೆ ಎದ್ದಿತು. ಒಳಗೆ ಬಿದ್ದರೆ ಹುಳವನ್ನೂ ನೋಡುವವರಿಲ್ಲ, ತನ್ನನ್ನೂ ನೋಡುವವರಿಲ್ಲ. ಹಿಂದಕ್ಕೆ ಬಂದು ಗೋಡೆಯಾಚೆಗೆ ಕೂಗಿದಳು.

"ರಾಮಮ್ಮ, ಕೈಕಾಲು ತೊಳ್ಕಂಡು ಓಡ್ಬಾ. ಉಳದ ಮನೆ ಒಳಿಕ್ಕೆ ಓಗ್ಬೇಕು."

ರಾಮಮ್ಮ ಒದ್ದೆ ಕೈಯಲ್ಲೇ ಬಂದು ನಿಂತು, "ನಾನಾ?" ಎಂದಳು.

"ನೀನೇ. ನಾನು ಏಳ್ದಂಗೆ ಮಾಡು."

ರಾಮಮ್ಮ ಸುಣ್ಣ ತುಳಿದು ಒಳಗೆ ಹೋದಳು. ಚನ್ನಾಜಮ್ಮ ಮೂಗಿಗೆ ಸೆರಗು ಒತ್ತಿಕೊಂಡು ಪರದೆಯ ಮುಂದೆ ಕೂತು ಹೇಳುತ್ತಾ ಹೋದಳು. ಕಿಟಕಿಗಳೆಲ್ಲ ತೆಗಿ. ಆ ಸಾಲಿನ ಸೊಪ್ಪು ಎತ್ತು, ಹುಳವನ್ನು ಹಿಸುಕಬೇಡ, ಕಡ್ಡಿ ಸಮೇತ ಎತ್ತು. ಈಗ ಈ ಕಂತೆ ಹಾಕು, ಇದು ಹಿತ್ತಿಲಿನದು, ಒಳ್ಳೇದು. ರಾಮಮ್ಮ ಮೊದಲ ಹೊರೆ ಈಚೆ ತಂದಾಗ ಸೊಪ್ಪನ್ನು ಮೂಸಿ, ಒಂದು ಗಳಿಗೆ ಅಲ್ಲೇ ನಿಂತಳು. ಮುಖ ಕಪ್ಪಿಟ್ಟಿತು. ಆಮೇಲೆ ಅವಳು ಬೆವರು ಒರೆಸಿಕೊಳ್ಳದೆ ದುಡಿದಳು.

ಗುರುಮಲ್ಲಪ್ಪ ಹೋಳಿಗೆಯ ಕವರು ಹಿಡಿದು ಓಡಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಹುಳದ ಮನೆಯಿಂದ ರಾಮಮ್ಮ ಹೊರಬಂದದ್ದು ನೋಡಿ ಅವನು ಕಂಬದಂತೆ ನಿಂತ. ಕಿಟಕಿ ಪಕ್ಕದ ಒಂದು ಅಂತಸ್ತಿನ ಹುಳ ಉಳಿಯುವಂತಿರಲಿಲ್ಲ. ಮಿಕ್ಕವು ಏನಾಗುತ್ತವೋ ಕಾದು ಕೇಳಬೇಕಿತ್ತು. ಮೂವರೂ ಅಡುಗೆಮನೆಯಲ್ಲಿ ಕೂತರು. ಸ್ಪೀಕರಿನಲ್ಲಿ ತುಂಬ ಹೊತ್ತು ಅದೇ ತೆಳು ಸದ್ದು. ಆಮೇಲೆ ಎಲ್ಲೋ ಒಂದು ಮೂಲೆಯಲ್ಲಿ ಸರಸರ ಸೇರಿಕೊಂಡಿತು, ಇನ್ನೊಂದು ಕಡೆ ಸೇರಿತು, ನೋಡುನೋಡುತ್ತಾ ಅಡುಗೆಮನೆ ತುಂಬಿತು. ಚನ್ನಾಜಮ್ಮ ಆವತ್ತು ಮೊದಲ ಸಲ ನೆಮ್ಮದಿಯಾಗಿ ಉಸಿರು ಬಿಟ್ಟಳು.

ರಾಮಮ್ಮ ನೆಲ ನೋಡುತ್ತಾ, "ನೆನ್ನೆ ನಮ್ಮೋರು ಟೊಮೇಟೊಗೆ ಔಸ್ದಿ ಒಡುದ್ರು ಕಣಕ್ಕ. ಗಾಳಿ ಈ ಕಡೀಕೆ ಇತ್ತು" ಎಂದಳು.

"ಗೊತ್ತು."

"ಗೊತ್ತಿದ್ದೂ ನನ್ನೇ ಕರುದ್ಯಾ?"

"ಇನ್ಯಾರ್ನ ಕರೀಲಿ? ಕೂಗುದ್ರೆ ಕೇಳೋಳು ನೀನೇ ತಾನೆ" ಎಂದು ಚನ್ನಾಜಮ್ಮ ಹೋಳಿಗೆಯ ಕವರನ್ನು ಅವಳ ಮುಂದೆ ಸರಿಸಿದಳು. ರಾಮಮ್ಮ ಹೋಳಿಗೆ ಮುರಿದು, ತಿನ್ನದೆ, ಹುಳ ಮೇಯುವುದನ್ನೇ ಕೇಳುತ್ತಾ ಕೂತಳು.

ಗುರುಮಲ್ಲಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ. ಇನ್ನೊಮ್ಮೆ ಒರೆಸಿಕೊಂಡ. ಕೊನೆಗೆ ಹೆಂಡತಿಯ ಕಡೆ ನೋಡದೆ, "ಮುಂದಿನ್ ಬೆಳೆಗೂ ಮರಿ ಉಳ ಬೇಕು ಅಂತ ಏಳ್ಬುಡ್ಲಾ?" ಎಂದು ಕೇಳಿದ.

ಚನ್ನಾಜಮ್ಮ ಬಾಯಿ ತೆರೆಯುವಷ್ಟರಲ್ಲಿ, "ಉಷ್ಣಾಂಶ ಇಪ್ಪತ್ತಾರು" ಎಂದು ಸ್ಪೀಕರು ಶುರು ಮಾಡಿತು.

"ಏ, ಸುಮ್ನಿರು" ಎಂದ ಗುರುಮಲ್ಲಪ್ಪ. "ಅವ್ಳು ಏನಂತಾಳೆ ಕೇಳುಸ್ಕೋಬೇಕು."