ಸಿಗ್ತಾರೆ ಕಣಮ್ಮ

ಸರಸ್ವತಿಪುರಂನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ನಿವೃತ್ತ ನರ್ಸ್. ಬೀದಿಯವರಿಗೆಲ್ಲ ಅವರು ಸಿಸ್ಟರಮ್ಮ. ಬೆಳಿಗ್ಗೆ ತಲೆತುಂಬ ಸೆರಗು ಹೊದ್ದು, ಸಿಟಿ ಬಸ್ಸು ಹಿಡಿದು ಚರ್ಚಿಗೆ ಹೋಗಿಬರುವರು. ಯಾರಿಗೆ ಇಂಜೆಕ್ಷನ್ ಕೊಡುವಾಗಲೂ ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವರು. ತೀರಿಕೊಂಡ ಗಂಡನ ಬಗ್ಗೆ ಯಾರಾದರೂ ಮರುಗಿದರೆ, "ಮುಂದೆ ಹೋಗಿದ್ದಾರೆ ಅಷ್ಟೇ, ಸಿಗ್ತಾರೆ ಕಣಮ್ಮ" ಎನ್ನುವರು, ಊರಿಗೆ ಹೋದವರ ಬಗ್ಗೆ ಮಾತಾಡುವ ಹಾಗೆ.

ನಮ್ಮಮ್ಮನಿಗೆ ಹೃದಯದ ಆಪರೇಷನ್ ಆಗಬೇಕೆಂದಾಗ ಅವಳು ಹೆದರಿ ಊಟವನ್ನೇ ಬಿಟ್ಟಳು. ಆಪರೇಷನ್ ದಿನ ಸಿಸ್ಟರಮ್ಮ ನಮ್ಮ ಜೊತೆ ಆಸ್ಪತ್ರೆಗೆ ಬಂದರು. ಸ್ಟ್ರೆಚರ್ ಮೇಲೆ ಮಲಗಿದ್ದ ಅಮ್ಮ ಅವರ ಕೈ ಹಿಡಿದುಕೊಂಡು, "ಸಾಯೋಕೆ ನಿಮಗೆ ಭಯ ಆಗಲ್ವಾ?" ಎಂದು ಕೇಳಿದಳು.

"ಆಗತ್ತೆ ಕಣಮ್ಮ. ಆದಾಗ, ನನ್ನ ಕೈ ಬಿಡಬೇಡಪ್ಪ ಅಂತ ಯೇಸುಸ್ವಾಮಿಗೆ ಹೇಳ್ತೀನಿ. ನಿಮ್ಮ ಶಿವನಿಗೆ ನೀವು ಹೇಳಿ."

ಎಷ್ಟೋ ದಿನದ ಮೇಲೆ ಅಮ್ಮ ಸ್ವಲ್ಪ ನಕ್ಕಳು. ಹಾಗೇ ಒಳಗೆ ಹೋದಳು.

ಮಧ್ಯಾಹ್ನ ಡಾಕ್ಟರು ಹೊರಬಂದು, "ಚೆನ್ನಾಗಿದ್ದಾರೆ, ಇನ್ನೇನೂ ಭಯವಿಲ್ಲ" ಎಂದರು. ನಾನು ನಿರಾಳವಾಗಿ ಹಿಂದೆ ತಿರುಗಿದರೆ ಸಿಸ್ಟರಮ್ಮ ಬೆಂಚಿನ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನೀವೇ ಅತ್ತರೆ ಹೇಗೆ ಸಿಸ್ಟರಮ್ಮ?" ಎಂದೆ.

"ಮೇಲೆ ದೇವರ ಹತ್ರ ನಮಗೆ ಒಳ್ಳೇ ಮನೆ ಇದೆ ಅಂತ ನಂಬಿದೀನಿ ಕಣಪ್ಪ. ಆದರೂ ಇವರನ್ನ ಈಗಲೇ ಕರ್ಕೋಬೇಡ ಅಂತ ಬೆಳಿಗ್ಗೆಯಿಂದ ಅವನನ್ನ ಕಾಡ್ತಾನೇ ಇದ್ದೆ" ಎಂದು ಕಣ್ಣೊರೆಸಿಕೊಂಡರು. "ಕೇಳಿಸ್ಕೊಂಡ್ಬುಟ್ಟ."